ಆ ಮಕ್ಕಳಿಗೆ ಗೊತ್ತಿತ್ತು

ಪೋಲೆಂಡಿನ ಲೋಡ್ಜ್ ನಗರದ ಅಂಚಿನಲ್ಲಿ ಹೆಲೆನೂವೆಕ್ ಎಂಬ ಜಾಗವಿದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅಲ್ಲಿ ಯಹೂದಿ ಮಕ್ಕಳ ಅನಾಥಾಲಯವೊಂದಿತ್ತು. ಅದನ್ನು ನಡೆಸುತ್ತಿದ್ದವನು ಹಯೀಮ್ ರುಮ್ಕೋವ್‌ಸ್ಕಿ. ಜರ್ಮನರು ಬಂದರು, ಊರಿನ ಯಹೂದಿಗಳನ್ನೆಲ್ಲ ಒಂದು ಬಡ ಮೂಲೆಗೆ ತಳ್ಳಿದರು, 1940ರಲ್ಲಿ ಸುತ್ತ ಬೇಲಿ ಹಾಕಿದರು. ಒಳಗೆ ಸುಮಾರು 1,60,000 ಜನ. ಆ ಘೆಟ್ಟೋಗೆ ಯಜಮಾನನೆಂದು ಅವರು ಕೂರಿಸಿದ್ದು ಇದೇ ರುಮ್ಕೋವ್‌ಸ್ಕಿಯನ್ನು. 1942ರ ಸೆಪ್ಟೆಂಬರ್ 4ರಂದು ಅವನು ಜನರೆದುರು ನಿಂತು, ನಿಮ್ಮ ಮಕ್ಕಳನ್ನು ಒಪ್ಪಿಸಿಬಿಡಿ ಎಂದು ತಂದೆತಾಯಿಗಳನ್ನು ಬೇಡಿದ. ಹತ್ತು ವರ್ಷದೊಳಗಿನವರು, ಅರವತ್ತೈದು ದಾಟಿದವರು, ಕಾಯಿಲೆ ಬಿದ್ದವರು ಬೇಕೆಂದು ಜರ್ಮನರು ಕೇಳಿದ್ದರು. ಒಂದು ವಾರದೊಳಗೆ 15,000ಕ್ಕೂ ಹೆಚ್ಚು ಜನರನ್ನು ಖೆಲ್ಮ್ನೋ ಎಂಬ ಹಳ್ಳಿಗೆ ಸಾಗಿಸಿದರು. ಅಲ್ಲಿ ಮುಚ್ಚಿದ ವ್ಯಾನುಗಳಿಗೆ ತುಂಬಿ, ಎಂಜಿನ್ನಿನ ಹೊಗೆಯನ್ನು ಒಳಕ್ಕೇ ಬಿಟ್ಟು ಕೊಂದರು.

ಯುದ್ಧ ಮುಗಿದ ಮೇಲೆ ಹೆಲೆನೂವೆಕ್‌ನಲ್ಲಿ ಮತ್ತೆ ಮಕ್ಕಳ ಮನೆ ತೆರೆಯಿತು. ಅಟ್ಟದಲ್ಲಿ, ಕಾಡಿನಲ್ಲಿ, ಕ್ರೈಸ್ತ ಮಠಗಳಲ್ಲಿ, ಸುಳ್ಳು ಹೆಸರಿನಲ್ಲಿ ಹೇಗೋ ಬದುಕಿ ಉಳಿದ ಮಕ್ಕಳು ಅಲ್ಲಿಗೆ ಬಂದರು. 1948ರಲ್ಲಿ ಅವರ ನಡುವೆ ಒಂದು ಸಿನಿಮಾ ಕ್ಯಾಮೆರಾ ಬಂದು ನಿಂತಿತು.

ವಾರ್ಸಾ ನೆಲಸಮವಾಗಿದ್ದರಿಂದ ಆಗ ಪೋಲೆಂಡಿನ ಸಿನಿಮಾದ ಕೆಲಸವೆಲ್ಲ ಲೋಡ್ಜಿನಲ್ಲೇ. ಅಲ್ಲಿ ನಾಥನ್ ಗ್ರೋಸ್ ಎಂಬ ನಿರ್ದೇಶಕರು ಯಿದ್ದಿಶ್ ಭಾಷೆಯಲ್ಲಿ ‘ಉನ್ಝೆರೆ ಕಿಂಡರ್’, ಅಂದರೆ ‘ನಮ್ಮ ಮಕ್ಕಳು’ ಎಂಬ ಚಿತ್ರ ತೆಗೆದರು. ಅದರಲ್ಲಿ ಜಿಗಾನ್ ಮತ್ತು ಶುಮಾಖರ್ ಎಂಬ ಹೆಸರಾಂತ ಹಾಸ್ಯಜೋಡಿ ನಟಿಸಿತ್ತು. ಈ ಇಬ್ಬರೂ ನಿಜಜೀವನದಲ್ಲಿ ಯುದ್ಧದ ವರ್ಷಗಳನ್ನು ಸೋವಿಯತ್ ನೆಲದಲ್ಲಿ ಕಳೆದು ಆಗಷ್ಟೇ ಮರಳಿದವರು. ಘೆಟ್ಟೋದ ಒಳಗನ್ನು ಕಂಡವರಲ್ಲ. ಚಿತ್ರದಲ್ಲೂ ಅವರು ಅವರೇ. ರಂಗದ ಮೇಲೆ ಘೆಟ್ಟೋದ ಬೀದಿಯ ಹಾಡುಗಾರರಾಗಿ ಕುಣಿದು ಹಾಡುತ್ತಾರೆ. ಸಭಿಕರ ಸಾಲಿನಲ್ಲಿ ಹೆಲೆನೂವೆಕ್‌ನ ಮಕ್ಕಳು ಕೂತಿದ್ದಾರೆ. ನೋಡುತ್ತ ನೋಡುತ್ತ ಆ ಮಕ್ಕಳು ಸಿಳ್ಳೆ ಹಾಕಲು ಶುರುಮಾಡುತ್ತಾರೆ. ನೀವು ತೋರಿಸುತ್ತಿರುವ ಹಾಗೆ ಅಲ್ಲಿ ಇರಲಿಲ್ಲ ಎಂಬುದು ಅವರ ತಕರಾರು.

ಆಮೇಲೆ ಮಕ್ಕಳೇ ಆ ನಟರನ್ನು ತಮ್ಮ ಮನೆಗೆ ಕರೆಯುತ್ತಾರೆ. ನಟರು ಹೋಗಿ ಶೋಲೆಮ್ ಅಲೇಖೆಮ್ ಬರೆದ, ಬೆಂಕಿ ಬಿದ್ದ ಊರಿನ ತಮಾಷೆಯ ಕಥೆಯೊಂದನ್ನು ಆಡಿ ತೋರಿಸುತ್ತಾರೆ. ಮಕ್ಕಳು ನಗುತ್ತಾರೆ. ಆದರೆ ಕಥೆಯಲ್ಲಿದ್ದ ಬೆಂಕಿ ಅವರೊಳಗೆ ಬೇರೊಂದು ಬೆಂಕಿಯನ್ನು ಕೆದಕುತ್ತದೆ. ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಮಲಗುವ ಕೋಣೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ದೊಡ್ಡವರು ಹೊರಗಿನಿಂದ ಕೇಳಿಸಿಕೊಳ್ಳುತ್ತಾರೆ. ಹಗಲು ಪಾಠ ಹೇಳಲು ಹೋದವರು ರಾತ್ರಿ ಪಾಠ ಕೇಳುತ್ತಾರೆ. ಯಹೂದಿ ನರಮೇಧವನ್ನು ಮಗುವಿನ ಕಣ್ಣಿನಿಂದ ತೋರಿಸುವ ಸಿನಿಮಾ ಪರಂಪರೆ ಹೀಗೆ ಮಕ್ಕಳ ಸಿಳ್ಳೆಯಿಂದ ಶುರುವಾಯಿತೆಂಬುದು ನನಗೆ ತುಂಬ ಮುಖ್ಯವಾದ ಸಂಗತಿ. ಆ ಚಿತ್ರಕ್ಕೆ ಪೋಲೆಂಡಿನಲ್ಲಿ ಸಾರ್ವಜನಿಕ ಪ್ರದರ್ಶನದ ಭಾಗ್ಯ ಸಿಗಲಿಲ್ಲ. ನಿರ್ದೇಶಕರೂ ನಟರೂ ಇಸ್ರೇಲಿಗೆ ಹೊರಟುಹೋದರು. ಎಷ್ಟೋ ಕಾಲ ಅದು ಕಳೆದೇಹೋಯಿತೆಂದು ಎಲ್ಲರೂ ಅಂದುಕೊಂಡಿದ್ದರು; ಪ್ರತಿ ಸಿಕ್ಕಿದ್ದು ದಶಕಗಳ ನಂತರ. ಈ ನಡುವೆ ದೊಡ್ಡವರು ತಮಗೆ ಬೇಕಾದಂಥ ಮಗುವನ್ನು ಪರದೆಯ ಮೇಲೆ ಕಟ್ಟಿಕೊಂಡರು.

ನಾನು ಸಕಲೇಶಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹಿಟ್ಲರನ ಪಾಠ ಬಂದಾಗ ಪುಸ್ತಕದಲ್ಲಿ ಯಹೂದಿಗಳ ಹತ್ಯೆಗೆ ಸಿಗುವ ಜಾಗ ಸಣ್ಣದು. ಕೊಲೆಯಾದ ಸುಮಾರು 60 ಲಕ್ಷ ಯಹೂದಿಗಳಲ್ಲಿ 15 ಲಕ್ಷದಷ್ಟು ಮಕ್ಕಳೇ ಇದ್ದರು ಎಂದು ಬೋರ್ಡಿನ ಮೇಲೆ ಬರೆದರೆ ಹುಡುಗರು ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಗೆ ನೆನಪಿಟ್ಟುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಸಿನಿಮಾ ತೋರಿಸುತ್ತೇನೆ. ನೋಡುವವರು ಹದಿಮೂರು ಹದಿನಾಲ್ಕರವರಾದ್ದರಿಂದ ಅವರ ವಯಸ್ಸಿನವರೇ ಕಥೆ ನಡೆಸುವ ಚಿತ್ರಗಳನ್ನು ಹುಡುಕುತ್ತೇನೆ. ಹೀಗೆ ವರ್ಷಗಟ್ಟಲೆ ಹುಡುಕುತ್ತ, ನೋಡುತ್ತ, ಮಕ್ಕಳ ಜೊತೆ ಮಾತಾಡುತ್ತ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಈ ಚಿತ್ರಗಳಲ್ಲಿ ಯಾವುದು ನಿಜಕ್ಕೆ ಹತ್ತಿರ, ಯಾವುದು ದೂರ ಎಂದು ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆ: ಈ ಮಗುವಿಗೆ ಎಷ್ಟು ಗೊತ್ತು? ಏನೂ ಗೊತ್ತಿಲ್ಲದ ಮಗುವನ್ನು ನೋಡಿ ನಾವು ಅಳುತ್ತೇವೆ, ಅತ್ತು ಹಗುರಾಗುತ್ತೇವೆ. ಎಲ್ಲ ಗೊತ್ತಿರುವ ಮಗು ನಮ್ಮನ್ನು ಹಗುರಾಗಲು ಬಿಡುವುದಿಲ್ಲ.

ಮಕ್ಕಳ ಮುಗ್ಧತೆಯನ್ನು ಕ್ಯಾಮೆರಾ ಮುಂದೆ ಬಳಸಿಕೊಂಡವರಲ್ಲಿ ಮೊದಲಿಗರು ಕೊಲೆಗಾರರೇ. ಬೊಹೀಮಿಯಾದ ಟೆರೆಜೀನ್ ಎಂಬ ಕೋಟೆಪಟ್ಟಣದ ಘೆಟ್ಟೋಗೆ 1944ರ ಜೂನ್ 23ರಂದು ರೆಡ್ ಕ್ರಾಸ್‌ನವರು ತಪಾಸಣೆಗೆ ಬಂದರು. ಅವರ ಕಣ್ಣು ತಪ್ಪಿಸಲು ಊರಿಗೆ ಸುಣ್ಣಬಣ್ಣ ಬಳಿದು ಅಣಿಮಾಡಿದ್ದರು. ಅದೇ ಅಲಂಕಾರವನ್ನು ಇಟ್ಟುಕೊಂಡು ಆಗಸ್ಟ್ ಸೆಪ್ಟೆಂಬರಿನಲ್ಲಿ ಒಂದು ಪ್ರಚಾರಚಿತ್ರ ತೆಗೆಸಿದರು. ನಿರ್ದೇಶನಕ್ಕೆ ಹಚ್ಚಿದ್ದು ಅಲ್ಲೇ ಬಂದಿಯಾಗಿದ್ದ ಯಹೂದಿ ನಟ ಕರ್ಟ್ ಗೆರೋನ್ ಅವರನ್ನು. ಉಳಿದಿರುವ ಸುಮಾರು ಇಪ್ಪತ್ತು ನಿಮಿಷದ ತುಣುಕುಗಳಲ್ಲಿ ಮಕ್ಕಳು ಬ್ರೆಡ್ಡು ತಿನ್ನುತ್ತಾರೆ, ಆಡುತ್ತಾರೆ, ವೇದಿಕೆಯ ಮೇಲೆ ಸಾಲಾಗಿ ನಿಂತು ‘ಬ್ರುಂಡಿಬಾರ್’ ಎಂಬ ಮಕ್ಕಳ ಸಂಗೀತ ನಾಟಕ ಹಾಡುತ್ತಾರೆ. ಹಾನ್ಸ್ ಕ್ರಾಸಾ ಅವರ ಆ ನಾಟಕ ಟೆರೆಜೀನಿನಲ್ಲಿ 1943ರ ಸೆಪ್ಟೆಂಬರಿನಿಂದ 55 ಸಲ ಆಡಲ್ಪಟ್ಟಿತ್ತು. ಪಾತ್ರಧಾರಿಗಳು ಬದಲಾಗುತ್ತಲೇ ಇದ್ದರು, ಏಕೆಂದರೆ ಹಾಡುವ ಮಕ್ಕಳನ್ನು ರೈಲಿಗೆ ಹತ್ತಿಸುತ್ತಲೇ ಇದ್ದರು. ಚಿತ್ರೀಕರಣ ಮುಗಿದದ್ದೇ ತಡ, ಸೆಪ್ಟೆಂಬರ್ 28ರಿಂದ ಅಕ್ಟೋಬರ್ 28ರವರೆಗೆ ಹನ್ನೊಂದು ರೈಲುಗಳಲ್ಲಿ 18,000ಕ್ಕೂ ಹೆಚ್ಚು ಜನರನ್ನು ಔಶ್ವಿಟ್ಸ್ ಹತ್ಯಾ ಶಿಬಿರಕ್ಕೆ ಕಳಿಸಿದರು. ಕ್ರಾಸಾ ಹೋದರು. ಕಡೆಯ ರೈಲಿನಲ್ಲಿ ಗೆರೋನ್ ಹೋದರು. ಪರದೆಯ ಮೇಲೆ ಕಾಣುವ ಮಕ್ಕಳಲ್ಲಿ ಬಹುಪಾಲು ಅಲ್ಲೇ ಸತ್ತವು.

ಆ ತುಣುಕುಗಳನ್ನು ನನ್ನ ತರಗತಿಯಲ್ಲಿ ಶಬ್ದ ನಿಲ್ಲಿಸಿ ತೋರಿಸುತ್ತೇನೆ. ಮೊದಲು ಏನನ್ನೂ ಹೇಳುವುದಿಲ್ಲ. ಮಕ್ಕಳು ನಗುಮುಖಗಳನ್ನು ನೋಡಿ, ಇವರು ಚೆನ್ನಾಗೇ ಇದ್ದರಲ್ಲ ಅನ್ನುತ್ತಾರೆ. ಆಮೇಲೆ ಹೇಳುತ್ತೇನೆ. ಬದುಕುಳಿದ ಕೆಲವರು ಮುಂದೆ ನೆನಪಿಸಿಕೊಂಡ ಸಂಗತಿಯನ್ನೂ ಹೇಳುತ್ತೇನೆ: ನಾಟಕದ ಕೇಡಿ ಬ್ರುಂಡಿಬಾರ್, ಮೀಸೆಯ ಆ ವಾದ್ಯದವನು, ಅವರ ಪಾಲಿಗೆ ಹಿಟ್ಲರನೇ ಆಗಿದ್ದ. ಕೊನೆಯ ಗೆಲುವಿನ ಹಾಡನ್ನು ಅವರು ಅದನ್ನು ತಿಳಿದೇ ಹಾಡುತ್ತಿದ್ದರು. ವೇದಿಕೆಯ ಮೇಲಿರುವಷ್ಟು ಹೊತ್ತು ಎದೆಯ ಮೇಲಿನ ಹಳದಿ ನಕ್ಷತ್ರ ತೆಗೆದಿಡಬಹುದಿತ್ತು ಎಂಬುದು ಆ ಮಕ್ಕಳಿಗೆ ಇನ್ನೊಂದು ಸುಖ. ಎದುರಿಗೆ ಕೂತ ಅಧಿಕಾರಿಗಳಿಗೆ ಅದು ಮಕ್ಕಳಾಟ. ಆಡುತ್ತಿದ್ದ ಮಕ್ಕಳಿಗೆ ಅದು ಮಕ್ಕಳಾಟವಾಗಿರಲಿಲ್ಲ.

ಅಮೆರಿಕದ ಸಿನಿಮಾವೂ 1948ರಲ್ಲೇ ಈ ವಿಷಯಕ್ಕೆ ಕೈಹಾಕಿತು. ಫ್ರೆಡ್ ಜಿನ್ನೆಮನ್ ಅವರು ಬಾಂಬಿಗೆ ಕುಸಿದ ಜರ್ಮನ್ ನಗರಗಳ ಅವಶೇಷದ ನಡುವೆಯೇ ‘ದಿ ಸರ್ಚ್’ ತೆಗೆದರು. ಜಿನ್ನೆಮನ್‌ರ ತಂದೆತಾಯಿ ಇಬ್ಬರೂ ನರಮೇಧದಲ್ಲಿ ಸತ್ತವರು. ಕಥಾನಾಯಕನಾಗಿ ಪ್ರಾಗಿನ ಹುಡುಗ ಇವಾನ್ ಯಾಂಡ್ಲ್ ನಟಿಸಿದ. ಇಂಗ್ಲಿಷ್ ಬಾರದ ಅವನು ಸಂಭಾಷಣೆಯನ್ನು ಸದ್ದಿನಿಂದಲೇ ಬಾಯಿಪಾಠ ಮಾಡಿದ್ದ. ಬಾಲನಟರಿಗೆ ಆಗ ಕೊಡುತ್ತಿದ್ದ ಆಸ್ಕರ್ ಅವನಿಗೆ ಬಂತು. ಆ ಪಾತ್ರವನ್ನು ಯಹೂದಿಯಾಗಿಸದೆ ಜೆಕ್ ಹುಡುಗನನ್ನಾಗಿ ಮಾಡಿದ್ದು ಆ ಕಾಲದ ಅಳುಕು ಎಂದೇ ನಾನು ತಿಳಿಯುತ್ತೇನೆ. ಆದರೂ ಅದರಲ್ಲೊಂದು ದೃಶ್ಯಕ್ಕೆ ಸಾಟಿಯಿಲ್ಲ. ಪರಿಹಾರ ಸಂಸ್ಥೆಯ ಒಳ್ಳೆಯ ಹೆಂಗಸರು ಮಕ್ಕಳನ್ನು ಆಂಬುಲೆನ್ಸಿಗೆ ಹತ್ತಿಸಿ ಬಾಗಿಲು ಹಾಕುತ್ತಾರೆ. ಗಾಡಿಯೊಳಕ್ಕೆ ಹೊಗೆಯ ವಾಸನೆ ಬರುತ್ತದೆ. ಮಕ್ಕಳು ಹುಚ್ಚೆದ್ದು ಬಾಗಿಲು ಒಡೆದು ಓಡುತ್ತಾರೆ. ಖೆಲ್ಮ್ನೋದ ವ್ಯಾನುಗಳ ವಿಚಾರ ತಿಳಿದವರಿಗೆ ಆ ಓಟದ ಅರ್ಥ ಬೇರೆ ಹೇಳಬೇಕಿಲ್ಲ. ಕರುಣೆ ತುಂಬಿದ ದೊಡ್ಡವರಿಗೆ ಗೊತ್ತಿಲ್ಲದ್ದು ಆ ಮಕ್ಕಳ ಮೂಗಿಗೆ ಗೊತ್ತಿತ್ತು.

ಖೆಲ್ಮ್ನೋದಿಂದಲೇ ಬಂದ ಇನ್ನೊಬ್ಬ ಹುಡುಗನಿದ್ದಾನೆ. ಸಿಮೋನ್ ಸ್ರೆಬ್ನಿಕ್. ಲೋಡ್ಜ್ ಘೆಟ್ಟೋದಿಂದ ಅವನನ್ನು ಅಲ್ಲಿಗೆ ಒಯ್ದಾಗ ಹದಿಮೂರು ದಾಟಿತ್ತು. ಕಾಲಿಗೆ ಸರಪಳಿ. ಕಂಠ ಚೆನ್ನಾಗಿದ್ದುದರಿಂದ, ಸರಪಳಿಯಲ್ಲೂ ಚುರುಕಾಗಿ ಜಿಗಿಯುತ್ತಿದ್ದುದರಿಂದ ಹಿಟ್ಲರನ ಎಸ್‌ಎಸ್ ಪಡೆಯವರು ಅವನನ್ನು ಕೊಲ್ಲದೆ ಇಟ್ಟುಕೊಂಡರು. ನೆರ್ ನದಿಯ ಮೇಲೆ ಚಪ್ಪಟೆ ದೋಣಿಯಲ್ಲಿ ಅವನನ್ನು ಕರೆದೊಯ್ದು ಹಾಡಿಸುತ್ತಿದ್ದರು, ದಡದ ಹಳ್ಳಿಯವರು ಕೇಳುತ್ತಿದ್ದರು. 1945ರ ಜನವರಿಯಲ್ಲಿ ರಷ್ಯನ್ನರು ಹತ್ತಿರ ಬಂದಾಗ ಉಳಿದ ಬಂದಿಗಳ ಜೊತೆ ಅವನ ತಲೆಗೂ ಗುಂಡು ಹಾರಿಸಿದರು. ಅವನು ಸಾಯಲಿಲ್ಲ. ಕ್ಲೋದ್ ಲಾಂಝ್ಮನ್ ಅವರ ‘ಶೋಆ’ 1985ರಲ್ಲಿ ಬಂತು, ಒಂಬತ್ತು ಗಂಟೆಗೂ ಮೀರಿದ ಚಿತ್ರ. ಅದು ಶುರುವಾಗುವುದು ನಲವತ್ತೇಳರ ಸ್ರೆಬ್ನಿಕ್ ಅದೇ ನದಿಯಲ್ಲಿ, ಅಂಥದೇ ದೋಣಿಯಲ್ಲಿ ಕೂತು ಅದೇ ಹಾಡು ಹಾಡುವುದರಿಂದ. ಇಡೀ ಚಿತ್ರದಲ್ಲಿ ಹಳೆಯ ದೃಶ್ಯದ ಒಂದು ಚೂರೂ ಇಲ್ಲ, ಬಾಲನಟನಿಲ್ಲ. ಆಮೇಲೆ ಸ್ರೆಬ್ನಿಕ್ ಅವರನ್ನು ಹಳ್ಳಿಯ ಚರ್ಚಿನ ಮುಂದೆ ನಿಲ್ಲಿಸಿ ಸುತ್ತಲೂ ಊರಿನವರು ಗುಂಪುಗೂಡುತ್ತಾರೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಇವರನ್ನು ನೆನಪಿದೆ ಅನ್ನುತ್ತಾರೆ, ಸತ್ತವರ ಮೇಲೇ ತಪ್ಪು ಹೊರಿಸುವ ಮಾತೂ ಬರುತ್ತದೆ. ಸ್ರೆಬ್ನಿಕ್ ಸುಮ್ಮನೆ ನಿಂತಿರುತ್ತಾರೆ, ತುಟಿಯ ಮೇಲೆ ಒಂದು ವಿಚಿತ್ರ ಮಂದಹಾಸ. ಮಗುವಿನ ಕಣ್ಣು ಅಂದರೆ ಏನೆಂದು ನನ್ನನ್ನು ಕೇಳಿದರೆ ಆ ಮುಖವನ್ನು ತೋರಿಸುತ್ತೇನೆ.

ಲೋಡ್ಜ್ ಘೆಟ್ಟೋದಲ್ಲಿ ಇನ್ನೂ ಒಬ್ಬ ಸಣ್ಣ ಹುಡುಗನಿದ್ದ. ಹುಟ್ಟಿದ್ದು 1937ರಲ್ಲಿ, ಹೆಸರು ಯುರೆಕ್ ಬೆಕರ್. ಘೆಟ್ಟೋ, ಆಮೇಲೆ ರಾವೆನ್ಸ್‌ಬ್ರುಕ್ ಮತ್ತು ಸಾಕ್ಸೆನ್‌ಹೌಸನ್ ಯಾತನಾ ಶಿಬಿರ. ತಾಯಿ ತೀರಿಕೊಂಡರು, ತಂದೆ ಹುಡುಕಿ ಕರೆದುಕೊಂಡುಹೋಗಿ ಪೂರ್ವ ಬರ್ಲಿನ್ನಿನಲ್ಲಿ ಬೆಳೆಸಿದರು. ದೊಡ್ಡವರಾದ ಮೇಲೆ ಬೆಕರ್‌ಗೆ ಆ ಬಾಲ್ಯದ ಏನೊಂದೂ ನೆನಪಿರಲಿಲ್ಲ. ಘೆಟ್ಟೋದಲ್ಲಿ ರೇಡಿಯೋ ಬಚ್ಚಿಟ್ಟುಕೊಂಡು ಜನರಿಗೆ ಸುದ್ದಿ ತಲುಪಿಸುತ್ತಿದ್ದ ಒಬ್ಬ ಧೀರನ ಕಥೆಯನ್ನು ತಂದೆ ಹೇಳಿದ್ದರು, ಅದನ್ನು ಬರೆಯೆಂದೂ ಹೇಳಿದ್ದರು. ಮಗ ಬರೆದದ್ದು ರೇಡಿಯೋ ಇಲ್ಲದವನ ಕಥೆ. ಯಾಕೋಬ್ ಎಂಬ ಮುದುಕ ತನ್ನ ಬಳಿ ರೇಡಿಯೋ ಇದೆಯೆಂದು ಸುಳ್ಳು ಹೇಳುತ್ತಾನೆ, ರಷ್ಯನ್ನರು ಹತ್ತಿರ ಬರುತ್ತಿದ್ದಾರೆಂಬ ಸುದ್ದಿ ಕಟ್ಟಿ ಕಟ್ಟಿ ಹಂಚುತ್ತಾನೆ. ಮೊದಲು ಚಿತ್ರಕಥೆಯಾಗಿದ್ದದ್ದು ಸಿನಿಮಾ ಆಗದೆ 1969ರಲ್ಲಿ ಕಾದಂಬರಿಯಾಯಿತು, 1974ರಲ್ಲಿ ಫ್ರಾಂಕ್ ಬಾಯರ್ ಅದನ್ನೇ ಪೂರ್ವ ಜರ್ಮನಿಯಲ್ಲಿ ಚಿತ್ರ ಮಾಡಿದರು.

ಯಾಕೋಬ್ ಸಾಕುತ್ತಿರುವ ಲೀನಾ ಎಂಬ ಪುಟ್ಟ ಹುಡುಗಿ ರೇಡಿಯೋ ಕೇಳಿಸು ಎಂದು ಹಟ ಹಿಡಿಯುತ್ತಾಳೆ. ಅವನು ಅವಳನ್ನು ನೆಲಮಾಳಿಗೆಗೆ ಕರೆದೊಯ್ದು, ಅಡ್ಡಗೋಡೆಯ ಹಿಂದೆ ಕೂತು, ಬಾಯಲ್ಲೇ ಬ್ಯಾಂಡು ಬಾರಿಸಿ, ಮೂಗು ಹಿಡಿದು ಬೇರೆ ಬೇರೆ ಧ್ವನಿ ಮಾಡಿ, ಒಬ್ಬ ರಾಜಕುಮಾರಿಯ ಕಥೆ ಹೇಳುತ್ತಾನೆ. ಕಾದಂಬರಿಯಲ್ಲಿ ಲೀನಾ ಮೆಲ್ಲಗೆ ಇಣುಕಿ ನೋಡುತ್ತಾಳೆ. ರೇಡಿಯೋ ಇಲ್ಲವೆಂದು ಅವಳಿಗೆ ತಿಳಿದುಹೋಗುತ್ತದೆ. ತಿಳಿದರೂ ಅವಳು ಮುದುಕನಿಗೆ ಹೇಳುವುದಿಲ್ಲ, ಅವನ ಸುಳ್ಳನ್ನು ಅವನಿಗೋಸ್ಕರ ಉಳಿಸಿಕೊಡುತ್ತಾಳೆ. ತನ್ನ ಬಾಲ್ಯದ ನೆನಪೇ ಇಲ್ಲದ ಲೇಖಕ ಮಕ್ಕಳ ಬಗ್ಗೆ ಇಷ್ಟು ಸತ್ಯವಾದದ್ದನ್ನು ಹೇಗೆ ಬರೆದರೋ!

ರೊಬೆರ್ತೊ ಬೆನಿನಿ ಅವರ ‘ಲೈಫ್ ಈಸ್ ಬ್ಯೂಟಿಫುಲ್’ ಬಂದದ್ದು 1997ರಲ್ಲಿ. ಅಲ್ಲೂ ತಂದೆ ಸುಳ್ಳು ಕಟ್ಟುತ್ತಾನೆ: ಈ ಶಿಬಿರವೆಲ್ಲ ಒಂದು ಆಟ, ಸಾವಿರ ಅಂಕ ಗಳಿಸಿದವರಿಗೆ ನಿಜವಾದ ಟ್ಯಾಂಕ್ ಬಹುಮಾನ. ಮಗ ಜೋಸುಎ ಕಡೆತನಕ ನಂಬುತ್ತಾನೆ. ಮೂರು ಆಸ್ಕರ್ ಬಂದ ಈ ಚಿತ್ರವನ್ನು ನನ್ನ ವಿದ್ಯಾರ್ಥಿಗಳು ಉಳಿದೆಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತಾರೆ. ಅವರ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆನಿನಿಯವರ ತಂದೆ ಸ್ವತಃ ಜರ್ಮನ್ ಶಿಬಿರದಲ್ಲಿ ದುಡಿದು ಬಂದವರು, ಆ ಕಥೆಗಳನ್ನು ಮಕ್ಕಳು ಹೆದರದ ಹಾಗೆ ಹೇಳುತ್ತಿದ್ದವರು. ಹದಿನಾಲ್ಕನೇ ವಯಸ್ಸಿಗೆ ಔಶ್ವಿಟ್ಸ್ ಕಂಡ ಹಂಗೇರಿಯ ಲೇಖಕ ಇಮ್ರೆ ಕೆರ್ತೇಸ್ ಅವರೂ ಈ ಚಿತ್ರದ ಪರವಾಗಿ ಬರೆದಿದ್ದಾರೆ. ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಆದರೂ ಜೋಸುಎಯನ್ನು ಲೀನಾಳ ಪಕ್ಕ ನಿಲ್ಲಿಸಿದರೆ ಅವನು ತಂದೆಯ ಪ್ರೀತಿಯನ್ನು ತೋರಿಸಲು ಇಟ್ಟ ಗೊಂಬೆಯ ಹಾಗೆ ಕಾಣುತ್ತಾನೆ. ಅವನಿಗೆ ಇಣುಕಿ ನೋಡುವ ಅವಕಾಶವನ್ನೇ ಚಿತ್ರ ಕೊಟ್ಟಿಲ್ಲ.

ಕೆರ್ತೇಸ್ ತಾವೇ ಬರೆದ ಕಾದಂಬರಿಗೆ ತಾವೇ ಚಿತ್ರಕಥೆ ಮಾಡಿದರು. ‘ಫೇಟ್‌ಲೆಸ್’ ಎಂಬ ಆ ಚಿತ್ರ 2005ರಲ್ಲಿ ಬಂತು. ರೈಲು ಔಶ್ವಿಟ್ಸ್‌ನಲ್ಲಿ ನಿಂತಾಗ ಬಾಗಿಲ ಬಳಿಯ ಹಳೆಯ ಬಂದಿಗಳು ಹುಡುಗರ ಕಿವಿಯಲ್ಲಿ ಪಿಸುಗುಡುತ್ತಾರೆ: ಹದಿನಾರು ಅನ್ನಿ. ಹದಿನಾಲ್ಕರ ಹುಡುಗ ಹದಿನಾರು ಅನ್ನುತ್ತಾನೆ, ಆ ಎರಡು ವರ್ಷದ ಸುಳ್ಳಿನಿಂದ ಬದುಕುತ್ತಾನೆ. ಸಣ್ಣ ಮಕ್ಕಳಿಗೆ ಆ ದಾರಿಯೂ ಇರಲಿಲ್ಲ. ಔಶ್ವಿಟ್ಸ್ ವಸ್ತುಸಂಗ್ರಹಾಲಯದ ಲೆಕ್ಕದಂತೆ ಅಲ್ಲಿಗೆ ಸಾಗಿಸಿದ ಮಕ್ಕಳು ಮತ್ತು ಹದಿಹರೆಯದವರು ಕನಿಷ್ಠ 2,32,000. ಅವರಲ್ಲಿ 2,16,000 ಯಹೂದಿಗಳು, 11,000 ರೋಮಾ ಮಕ್ಕಳು. 1945ರ ಜನವರಿ 27ರಂದು ಶಿಬಿರ ಬಿಡುಗಡೆಯಾದಾಗ ಒಳಗೆ ಜೀವಂತ ಸಿಕ್ಕ ಮಕ್ಕಳು ಮತ್ತು ಹದಿಹರೆಯದವರು 700 ಚಿಲ್ಲರೆ.

ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು 2008ರ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ ನೋಡಬೇಕು. ಶಿಬಿರದ ಅಧಿಕಾರಿಯ ಎಂಟು ವರ್ಷದ ಮಗ ಬ್ರೂನೋ ಬೇಲಿಯಾಚೆಯ ಯಹೂದಿ ಹುಡುಗ ಶ್ಮುಯೆಲ್‌ನ ಸ್ನೇಹ ಮಾಡುತ್ತಾನೆ, ಇಬ್ಬರೂ ಬೇಲಿಯ ಎರಡು ಕಡೆ ಕೂತು ಆಡುತ್ತಾರೆ, ಕಡೆಗೆ ಬ್ರೂನೋ ಕೆಳಗೆ ತೋಡಿ ನುಸುಳುತ್ತಾನೆ. ನಮ್ಮ ಶಾಲೆಯಲ್ಲಿ ಇದನ್ನು ತೋರಿಸಿದ ದಿನ ಚಿತ್ರ ಮುಗಿದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಿಸ್, ಆ ಬೇಲಿಗೆ ಕರೆಂಟ್ ಇರ್ಲಿಲ್ವಾ?”

ನಮ್ಮ ಕಡೆ ಕಾಫಿ ತೋಟಗಳಿಗೆ ಆನೆ ನುಗ್ಗದಂತೆ ಐಬೆಕ್ಸ್ ಎಂಬ ವಿದ್ಯುತ್ ಬೇಲಿ ಹಾಕುತ್ತಾರೆ. ಅದನ್ನು ಮುಟ್ಟಿದರೆ ಏನಾಗುತ್ತದೆಂದು ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಆ ಹುಡುಗಿಯ ಅಪ್ಪ ತೋಟದ ರೈಟರ್. ಬೇಲಿಯ ಪಕ್ಕದಲ್ಲೇ ನಡೆದು ಅವಳು ಶಾಲೆಗೆ ಬರುವುದು. ಅವಳ ಪ್ರಶ್ನೆ ಚಿತ್ರದ ಬುಡವನ್ನೇ ಅಲ್ಲಾಡಿಸಿತು. ಹೌದು, ಔಶ್ವಿಟ್ಸ್‌ನ ಬೇಲಿಗೆ ವಿದ್ಯುತ್ ಹರಿಯುತ್ತಿತ್ತು, ಕಾವಲು ಗೋಪುರಗಳಿಂದ ಗುಂಡು ಹಾರುತ್ತಿತ್ತು. ಶ್ಮುಯೆಲ್‌ನ ವಯಸ್ಸಿನ ಮಕ್ಕಳಲ್ಲಿ ಬಹುಪಾಲನ್ನು ರೈಲಿನಿಂದ ಇಳಿಸಿ ನೇರ ವಿಷಾನಿಲದ ಕೋಣೆಗೆ ಕಳಿಸುತ್ತಿದ್ದರು. ಬ್ರೂನೋನಂಥ ಜರ್ಮನ್ ಹುಡುಗನಿಗೆ ಯಹೂದಿಯೆಂದರೆ ಯಾರೆಂದೇ ಗೊತ್ತಿಲ್ಲ ಎಂಬುದನ್ನು ನಾನಂತೂ ನಂಬಲಾರೆ. ಯಹೂದಿಗಳನ್ನು ವಿಷದ ಅಣಬೆಗೆ ಹೋಲಿಸುವ ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕ 1938ರಲ್ಲೇ ಅಚ್ಚಾಗಿತ್ತು. ಹತ್ತು ತುಂಬಿದ ಹುಡುಗರು ಹಿಟ್ಲರನ ಯುವದಳ ಸೇರುವುದು ಕಡ್ಡಾಯವಾಗಿತ್ತು. ಅಧಿಕಾರಿಯ ಮಗನಿಗೆ ಇದು ಬೇರೆಲ್ಲರಿಗಿಂತ ಮೊದಲು ಗೊತ್ತಿರುತ್ತಿತ್ತು.

ಕಥೆ ತಾನೇ, ಇಷ್ಟೇಕೆ ಕೆದಕಬೇಕು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕೆದಕಬೇಕು, ಏಕೆಂದರೆ ಮಕ್ಕಳು ಇದನ್ನೇ ಇತಿಹಾಸವೆಂದು ಒಯ್ಯುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇಂಗ್ಲೆಂಡಿನ ಶಾಲಾ ಮಕ್ಕಳ ನಡುವೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಥೆಯನ್ನು ಓದಿದ ಇಲ್ಲವೇ ನೋಡಿದ ಮಕ್ಕಳು ಅಪಾರ ಸಂಖ್ಯೆಯಲ್ಲಿದ್ದರು. ಎಲ್ಲಕ್ಕೂ ಹಿಟ್ಲರ್ ಒಬ್ಬನೇ ಕಾರಣ ಎಂದು ನಂಬಿದವರೂ ಬಹಳ. ಇತಿಹಾಸ ಕಲಿಯುವವರು, ಕಲಿಸುವವರು ಈ ಚಿತ್ರದ ಮೂಲ ಪುಸ್ತಕವನ್ನು ದೂರವಿಡುವುದು ಒಳಿತೆಂದು 2020ರ ಜನವರಿಯಲ್ಲಿ ಔಶ್ವಿಟ್ಸ್ ಸ್ಮಾರಕವೇ ಬಹಿರಂಗವಾಗಿ ಹೇಳಿತು. ಕೊನೆಯಲ್ಲಿ ಆ ಚಿತ್ರ ನಮ್ಮನ್ನು ಅಳಿಸುವುದು ಯಾರಿಗಾಗಿ? ತಪ್ಪಿ ಒಳಹೋದ ಅಧಿಕಾರಿಯ ಮಗನಿಗಾಗಿ, ಅವನನ್ನು ಹುಡುಕಿ ಓಡಿಬರುವ ತಂದೆತಾಯಿಗಾಗಿ. ಶ್ಮುಯೆಲ್‌ನ ಅಮ್ಮ ಎಲ್ಲಿ ಎಂದು ಚಿತ್ರ ಕೇಳುವುದೇ ಇಲ್ಲ.

ಲೋಡ್ಜಿನ ಸಿನಿಮಾ ಶಾಲೆಯಲ್ಲಿ ಕಲಿತ ಆಂದ್ಜೇಯ್ ವಾಯ್ದಾ 1990ರಲ್ಲಿ ‘ಕೋರ್ಚಾಕ್’ ತೆಗೆದರು. ವಾರ್ಸಾ ಘೆಟ್ಟೋದ ಅನಾಥಾಲಯದ ಡಾಕ್ಟರ್ ಯಾನುಶ್ ಕೋರ್ಚಾಕ್ ಸುಮಾರು ಇನ್ನೂರು ಮಕ್ಕಳ ಜೊತೆ 1942ರ ಆಗಸ್ಟ್ ಮೊದಲ ವಾರ ತ್ರೆಬ್ಲಿಂಕಾ ಹತ್ಯಾ ಶಿಬಿರದ ರೈಲು ಹತ್ತಿದವರು. ಹೊರಡುವುದಕ್ಕೆ ಸುಮಾರು ಮೂರು ವಾರ ಮುಂಚೆ, ಜುಲೈ 18ರಂದು, ಅವರು ಆ ಮಕ್ಕಳಿಂದ ರವೀಂದ್ರನಾಥ ಟ್ಯಾಗೋರರ ‘ಡಾಕ್‌ಘರ್’ ಆಡಿಸಿದ್ದರು. ಕಿಟಕಿಯ ಬಳಿ ಮಲಗಿ ರಾಜನ ಕಾಗದಕ್ಕೆ ಕಾಯುವ ಅಮಲ್ ನಮ್ಮ ಓದುಗರಿಗೆ ಹಳೆಯ ಪರಿಚಯ. ಹಸಿದ ಮಕ್ಕಳಿಗೆ ಆ ನಾಟಕವನ್ನೇ ಯಾಕೆ ಆರಿಸಿದರೆಂದು ಯೋಚಿಸಿದಾಗಲೆಲ್ಲ ನನಗೆ ಅನ್ನಿಸುವುದು, ಸಾವಿನ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದೆಂದು ಕೋರ್ಚಾಕ್ ನಂಬಿದ್ದರು. ಅಂಥವರ ಬಗೆಗಿನ ಚಿತ್ರದ ಕೊನೆಯಲ್ಲಿ ವಾಯ್ದಾ ರೈಲಿನ ಡಬ್ಬಿಯನ್ನು ಕಳಚಿ, ಮಕ್ಕಳು ಬಾವುಟ ಹಿಡಿದು ಮಂಜಿನೊಳಗೆ ನಗುತ್ತ ಓಡುವಂತೆ ಮಾಡಿದರು. ಫ್ರಾನ್ಸಿನಲ್ಲಿ ಅದಕ್ಕೆ ತೀವ್ರ ಟೀಕೆ ಬಂತು. ಆ ಟೀಕೆ ಕಟುವಾಗಿತ್ತು, ಆದರೆ ಆ ಮಂಜು ಕೋರ್ಚಾಕ್‌ರಿಗೆ ಒಪ್ಪುತ್ತಿತ್ತೆಂದು ನನಗೂ ಅನ್ನಿಸುವುದಿಲ್ಲ.

ಲೂಯಿ ಮಾಲ್ ಅವರದು ಬೇರೆ ದಾರಿ. ಅವರು ಹನ್ನೊಂದರ ಹುಡುಗನಾಗಿ ಪ್ಯಾರಿಸ್ಸಿನಿಂದಾಚೆ ಆವೊನ್‌ನ ಕ್ಯಾಥೊಲಿಕ್ ವಸತಿ ಶಾಲೆಯಲ್ಲಿದ್ದರು. ಮುಖ್ಯಸ್ಥರಾಗಿದ್ದ ಪಾದ್ರಿ ಪೇರ್ ಜಾಕ್ ಮೂವರು ಯಹೂದಿ ಹುಡುಗರನ್ನು ಬೇರೆ ಹೆಸರು ಕೊಟ್ಟು ಅಲ್ಲಿ ಅಡಗಿಸಿಟ್ಟಿದ್ದರು. 1944ರ ಜನವರಿ 15ರಂದು ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಬಂತು. ಮೂವರೂ ಫೆಬ್ರವರಿ 3ರ ರೈಲಿನಲ್ಲಿ ಔಶ್ವಿಟ್ಸ್‌ಗೆ ಹೋದರು, ಮರಳಲಿಲ್ಲ. ಪಾದ್ರಿಯನ್ನು ಮೌಟ್‌ಹೌಸನ್ ಶಿಬಿರಕ್ಕೆ ಕಳಿಸಿದರು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1945ರ ಜೂನ್ 2ರಂದು, ಲಿಂಟ್ಸ್‌ನಲ್ಲಿ ತೀರಿಕೊಂಡರು. ಮಾಲ್ ಈ ನೆನಪನ್ನು ನಾಲ್ಕು ದಶಕ ಎದೆಯಲ್ಲಿಟ್ಟುಕೊಂಡು 1987ರಲ್ಲಿ ‘ಓ ರೆವಾರ್ ಲೆಝಾಂಫಾಂ’ ಮಾಡಿದರು. ಅದರಲ್ಲಿ ಶಿಬಿರವಿಲ್ಲ, ಹೊಗೆಯಿಲ್ಲ. ಚಳಿಯಲ್ಲಿ ನಡುಗುವ ಹುಡುಗರು, ಜ್ಯಾಮಿನ ಡಬ್ಬಿಗಳ ಗುಟ್ಟಿನ ವ್ಯಾಪಾರ, ಪಿಯಾನೋ ಪಾಠ. ಹೊಸದಾಗಿ ಬಂದ ಬೊನೆ ಬುದ್ಧಿವಂತನೆಂದು ಕಥಾನಾಯಕ ಜೂಲಿಯೆನ್‌ಗೆ ಮೊದಲು ಹೊಟ್ಟೆಕಿಚ್ಚು. ಬೊನೆ ರಾತ್ರಿ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದನ್ನು ಜೂಲಿಯೆನ್ ಕಾಣುತ್ತಾನೆ, ಅವನ ಪೆಟ್ಟಿಗೆ ಕೆದಕಿ ಪುಸ್ತಕದಲ್ಲಿ ಕಿಪ್ಪೆಲ್‌ಸ್ಟೈನ್ ಎಂಬ ಹೆಸರು ಓದುತ್ತಾನೆ, ಅಣ್ಣನನ್ನು ಯಹೂದಿಯೆಂದರೆ ಏನೆಂದು ಕೇಳುತ್ತಾನೆ. ಯಾರೂ ಹೇಳಿಕೊಡದೆ ತಾನೇ ಕೂಡಿಸಿ ಕಳೆದು ತಿಳಿದುಕೊಳ್ಳುವ ಹುಡುಗ ಅವನು. ಗೆಸ್ಟಾಪೋದವನು ತರಗತಿಗೆ ಬಂದು ಕಿಪ್ಪೆಲ್‌ಸ್ಟೈನ್ ಯಾರು ಎಂದಾಗ ಜೂಲಿಯೆನ್ ಅರೆಗಳಿಗೆ ಗೆಳೆಯನ ಕಡೆ ತಿರುಗಿ ನೋಡುತ್ತಾನೆ. ಆ ನೋಟವನ್ನು ಅಧಿಕಾರಿ ಹಿಡಿದುಬಿಡುತ್ತಾನೆ.

ನಿಜದಲ್ಲಿ ಹಾಗೆ ನಡೆದಿರಲಿಲ್ಲ, ಆ ನೋಟ ತಾವು ಸೇರಿಸಿದ್ದು ಎಂದು ಮಾಲ್ ಆಮೇಲೆ ಹೇಳಿದರು. ಚರಿತ್ರೆಗೆ ಸೇರಿಸಿದ ಈ ಕಲ್ಪನೆಯನ್ನು ನಾನು ಒಪ್ಪುತ್ತೇನೆ. ಬೇಲಿಯ ಬಳಿಯ ಕಲ್ಪನೆ ಮಗುವಿನಿಂದ ತಿಳಿವನ್ನು ಕಿತ್ತುಕೊಂಡಿತು. ಇಲ್ಲಿಯದು ತಿಳಿವಿನ ಭಾರವನ್ನು ಮಗುವಿನ ಹೆಗಲಿಗೆ ಹೊರಿಸಿತು. ನನ್ನ ತರಗತಿಯಲ್ಲಿ ಈ ಚಿತ್ರ ಮುಗಿದಾಗ ಅಳು ಕಡಿಮೆ. ಜೂಲಿಯೆನ್‌ನದು ತಪ್ಪೇ ಅಲ್ಲವೇ ಎಂದು ಹುಡುಗರು ಗಂಟೆ ಹೊಡೆದರೂ ಜಗಳಾಡುತ್ತಿರುತ್ತಾರೆ.

ಬುಖೆನ್‌ವಾಲ್ಡ್ ಶಿಬಿರದ ಕಥೆಯನ್ನೂ ಹೇಳಲೇಬೇಕು. ಯಾಕೋಬ್‌ನ ಚಿತ್ರ ಮಾಡುವುದಕ್ಕೆ ಮೊದಲೇ, 1963ರಲ್ಲಿ, ಫ್ರಾಂಕ್ ಬಾಯರ್ ‘ನೇಕೆಡ್ ಅಮಾಂಗ್ ವುಲ್ವ್ಸ್’ ಎಂಬ ಚಿತ್ರ ತೆಗೆದಿದ್ದರು. ಸೂಟ್‌ಕೇಸಿನಲ್ಲಿ ಬಂದ ಪುಟ್ಟ ಮಗುವೊಂದನ್ನು ಕಮ್ಯುನಿಸ್ಟ್ ಬಂದಿಗಳು ಪ್ರಾಣ ಪಣವಿಟ್ಟು ಕಾಪಾಡುವ ಕಥೆ. ಅದನ್ನು ಬರೆದ ಬ್ರೂನೋ ಆಪಿಟ್ಸ್ ಸ್ವತಃ ಆ ಶಿಬಿರದಲ್ಲಿ ಎಂಟು ವರ್ಷ ಇದ್ದವರು. ನಿಜದ ಮಗು ಸ್ಟೆಫಾನ್ ಯೆರ್ಜಿ ಝ್ವೈಗ್, ಮೂರು ವರ್ಷದವನು, ಸೂಟ್‌ಕೇಸಿನಲ್ಲಲ್ಲ, ತಂದೆಯ ಜೊತೆ ಬಂದವನು. 1944ರ ಸೆಪ್ಟೆಂಬರ್ 25ರಂದು ಬುಖೆನ್‌ವಾಲ್ಡಿನಿಂದ ಇನ್ನೂರು ಮಕ್ಕಳು ಮತ್ತು ಹುಡುಗರನ್ನು ಔಶ್ವಿಟ್ಸ್‌ಗೆ ಕಳಿಸುವ ಪಟ್ಟಿ ತಯಾರಾಯಿತು. ಅದರಲ್ಲಿ ಝ್ವೈಗ್‌ನ ಹೆಸರಿತ್ತು. ಹನ್ನೆರಡು ಹೆಸರುಗಳಿಗೆ ಗೆರೆ ಎಳೆಯಲಾಯಿತು, ಅವನದೂ ಅದರಲ್ಲೊಂದು. ಖಾಲಿಯಾದ ಹನ್ನೆರಡು ಜಾಗಕ್ಕೆ ಬೇರೆ ಹನ್ನೆರಡು ಹೆಸರು ಬಂದವು.

ಆ ಹನ್ನೆರಡರಲ್ಲಿ ಒಬ್ಬ ಹದಿನಾರರ ವಿಲಿ ಬ್ಲೂಮ್. ಸಿಂತಿ ಪಂಗಡದ ಹುಡುಗ. ಅವನ ತಂದೆ ಊರಿಂದೂರಿಗೆ ತಿರುಗಿ ಸೂತ್ರದ ಬೊಂಬೆಯಾಟ ಆಡಿಸುತ್ತಿದ್ದವರು. ಪಟ್ಟಿಯಲ್ಲಿ ಮೊದಲೇ ಇದ್ದದ್ದು ತಮ್ಮ ರುಡಾಲ್ಫ್‌ನ ಹೆಸರು. ತಮ್ಮನ ಜೊತೆ ತಾನೂ ಹೋಗುತ್ತೇನೆಂದು ವಿಲಿ ಕೇಳಿಕೊಂಡಿದ್ದ. ಇಬ್ಬರೂ ಸತ್ತರು. ಝ್ವೈಗ್ ಉಳಿದದ್ದು ನನಗೆ ಸಂತೋಷವೇ, ಉಳಿಸಿದವರ ಧೈರ್ಯವೂ ದೊಡ್ಡದು. ಆದರೆ ಪೂರ್ವ ಜರ್ಮನಿಯ ಮಕ್ಕಳು ಶಾಲೆಯಲ್ಲಿ ಕಡ್ಡಾಯವಾಗಿ ಓದಿದ, ತಲೆಮಾರುಗಳು ನೋಡಿದ ಆ ಕಥೆಯಲ್ಲಿ ಬ್ಲೂಮ್ ಅಣ್ಣತಮ್ಮಂದಿರಿಗೆ ಜಾಗವಿರಲಿಲ್ಲ. ಅವರ ಹೆಸರನ್ನು ಇತಿಹಾಸಕಾರರು ಕಡತಗಳಿಂದ ಹೊರತೆಗೆದದ್ದು ಬಹಳ ತಡವಾಗಿ. ಆ ಪಟ್ಟಿಯನ್ನು ವಿಲಿಯ ಕಡೆಯಿಂದ ನೋಡುವ ಸಿನಿಮಾ ಒಂದು ಬರಬೇಕು. ಅದು ಅಪ್ಪನ ಬೊಂಬೆಗಳ ಗಾಡಿಯಿಂದ ಶುರುವಾಗಲಿ. ಮಧ್ಯದಲ್ಲಿ ಎಲ್ಲೂ ವಿಲಿಯನ್ನು ಏನೂ ತಿಳಿಯದ ಹುಡುಗನನ್ನಾಗಿ ಮಾಡದಿರಲಿ. ಬಂದರೆ, ನನ್ನ ತರಗತಿಯಲ್ಲಿ ಬಾಯರ್ ಚಿತ್ರದ ಮರುದಿನವೇ ಅದನ್ನು ತೋರಿಸುತ್ತೇನೆ.